ಅಪಾರ ಬಂಧು ಬಳಗವನ್ನು ಅಗಲಿದ್ದಾರೆ

ಬೆಂಗಳೂರು ಅನ್ನುವ ಹೆಸರು ಮೊಟ್ಟಮೊದಲು ಕಾಣಿಸುವುದು ಒಂದು ಸಾವಿನ ಸುದ್ದಿಯಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲಿದೆ. ಬೆಂಗಳೂರ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಮನೆಯ ಕಡೆಯವನೊಬ್ಬ ಸತ್ತ ಎಂದು ಅದರಲ್ಲಿ ಹಳಗನ್ನಡದಲ್ಲಿ ಕೆತ್ತಿದ್ದಾರೆ. ಕೆಂಪೇಗೌಡರು ಪೇಟೆ ಕಟ್ಟಿದ್ದು ಅದಾಗಿ ಆರು ಶತಮಾನಕ್ಕೂ ಜಾಸ್ತಿ ಕಾಲ ಕಳೆದ ಮೇಲೆ. ಯಾರು ಸತ್ತರು, ಎಲ್ಲಿ, ಹೇಗೆ, ಯಾರ ಕಡೆಯವರು ಎಂಬ ನಾಲ್ಕು ವಿವರ ಆ ಕಲ್ಲಿನಲ್ಲಿವೆ. ಇವತ್ತಿನ ಜಿಲ್ಲಾ ಪತ್ರಿಕೆಯ ನಿಧನ ವಾರ್ತೆಯಲ್ಲೂ ಇರುವುದು ಹೆಚ್ಚುಕಮ್ಮಿ ಅಷ್ಟೇ.

ನಾನು ಪತ್ರಿಕೆ ಕೆಲಸ ಕಲಿತದ್ದು ಅಂಥದ್ದೇ ಒಂದು ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿ. ಹೊಸಬರ ಕೈಗೆ ಮೊದಲು ಬರುವುದು ನಿಧನ ವಾರ್ತೆ. ನಾಲ್ಕು ಸಾಲು, ಒಂದು ಪಾಸ್‌ಪೋರ್ಟ್ ಸೈಜಿನ ಫೋಟೊ, ಇದರಲ್ಲೇನಿದೆ ಅಂತ ನಾನೂ ಅಂದುಕೊಂಡಿದ್ದೆ. ಎರಡನೇ ವಾರದಲ್ಲೇ ಎಡವಟ್ಟಾಯಿತು. ಒಂದೇ ಇನಿಷಿಯಲ್, ಒಂದೇ ಹೆಸರಿನ ಇಬ್ಬರು ನಿವೃತ್ತ ಮೇಷ್ಟ್ರು ಒಂದೇ ಹೋಬಳಿಯಲ್ಲಿದ್ದರು. ತೀರಿಕೊಂಡವರ ಸುದ್ದಿಗೆ ಬದುಕಿದ್ದವರ ಫೋಟೊ ಹೋಯಿತು. ಮರುದಿನ ಹತ್ತು ಗಂಟೆಗೆ ಅವರೇ ಆಫೀಸಿಗೆ ಬಂದರು. ನಾನು ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದೆ. ‘ಬೆಳಿಗ್ಗೆಯಿಂದ ನಲವತ್ತು ಜನ ಬಂದು ಹೋದ್ರು ಕಣಪ್ಪ, ಕಾಫಿ ಕೊಟ್ಟು ಕೊಟ್ಟು ಮನೇಲಿ ಹಾಲು ಮುಗೀತು’ ಅಂದರು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಸ್ಸು ಜಾಸ್ತಿ ಅಂತ ನಮ್ಮಲ್ಲೊಂದು ನಂಬಿಕೆ ಇದೆಯಲ್ಲ, ಅವತ್ತು ನನ್ನನ್ನು ಉಳಿಸಿದ್ದು ಅದೇ. ಆದರೆ ಆ ನಲವತ್ತು ಜನ ತಲೆಯಿಂದ ಹೋಗಲಿಲ್ಲ. ಮುಖಪುಟದ ಯಾವ ಸುದ್ದಿಯೂ ಹೀಗೆ ಜನರನ್ನು ಬೆಳಿಗ್ಗೆ ಎಬ್ಬಿಸಿ ಬಸ್ಸು ಹತ್ತಿಸುವುದಿಲ್ಲ.

ಸಮಾಧಾನಕ್ಕೆ ಇಷ್ಟು ಹೇಳಬಹುದು, ದೊಡ್ಡವರೂ ಎಡವಿದ್ದಾರೆ. 1979ರ ಮಾರ್ಚಿನಲ್ಲಿ ಜಯಪ್ರಕಾಶ್ ನಾರಾಯಣ್ ಬೊಂಬಾಯಿಯ ಆಸ್ಪತ್ರೆಯಲ್ಲಿದ್ದಾಗ ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲೇ ಅವರ ನಿಧನ ಘೋಷಿಸಿಬಿಟ್ಟರು. ಜೆಪಿ ಬದುಕಿದ್ದರು. ತೀರಿಕೊಂಡದ್ದು ಆ ವರ್ಷದ ಅಕ್ಟೋಬರ್ 8ರಂದು.

ನಿಧನ ವಾರ್ತೆ ಅರ್ಥವಾಗಬೇಕಾದರೆ ಅದು ಎರಡು ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ಗಮನಿಸಬೇಕು. ಒಂದು, ಸುದ್ದಿ ಮುಟ್ಟಿಸುವುದು. ಇನ್ನೊಂದು, ಹೆಸರು ಉಳಿಸುವುದು. ಪತ್ರಿಕೆ ಬರುವ ಮೊದಲು ಇವೆರಡೂ ಬೇರೆ ಬೇರೆ ಕೆಲಸಗಳಾಗಿದ್ದವು. ಮಾಡುವವರೂ ಬೇರೆಯೇ.

ಮೊದಲು ಮುಟ್ಟಿಸುವ ಕೆಲಸ ನೋಡೋಣ. ಕೊಡಗಿನಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸುತ್ತಿದ್ದರು. ಒಂದೇ ಗುಂಡಾದರೆ ಗಂಡು ಮಗು ಹುಟ್ಟಿದ ಸುದ್ದಿ. ಮನೆಗಳು ದೂರ ದೂರ, ನಡುವೆ ಕಾಡು ಮತ್ತು ತೋಟ. ಅಲ್ಲಿಗೆ ಕೋವಿಯೇ ಸರಿಯಾದ ಟಪಾಲು. ಕರಾವಳಿಯ ಇಗರ್ಜಿಗಳಲ್ಲಿ ಗಂಟೆಯ ಬಡಿತ ಕೇಳಿದರೇ ಜನರಿಗೆ ತಿಳಿಯುತ್ತಿತ್ತು. ಬಯಲುಸೀಮೆಯ ಹಳ್ಳಿಗಳಲ್ಲಿ ತಮಟೆ, ಉತ್ತರದ ಕಡೆ ಹಲಗೆ. ಪಕ್ಕದ ಊರಿನ ನೆಂಟರಿಗೆ ಹೇಳಲು ಒಬ್ಬ ಮನುಷ್ಯ ನಡೆದೇ ಹೋಗಬೇಕಿತ್ತು.

ಆ ಮನುಷ್ಯ ಯಾರು? ಹೆಚ್ಚಿನ ಊರುಗಳಲ್ಲಿ ದಲಿತ ಕೇರಿಯವನು. ತಮಟೆ ಹೊಡೆಯುವುದು, ಹತ್ತಾರು ಮೈಲಿ ನಡೆದು ಸಾವಿನ ಸುದ್ದಿ ಹೇಳುವುದು, ಗುಂಡಿ ತೋಡುವುದು, ಎಲ್ಲವನ್ನೂ ಬಿಟ್ಟಿ ಚಾಕರಿಯಾಗಿ ಅವರ ಮೇಲೆ ಹೊರಿಸಿದ್ದರು. ಸುದ್ದಿ ತಂದವನು ಹೊಸ್ತಿಲು ದಾಟುವಂತಿರಲಿಲ್ಲ, ಅಂಗಳದಾಚೆಯಿಂದಲೇ ಕೂಗಿ ಹೇಳಬೇಕಿತ್ತು. ಅಂಚೆ ಕಾರ್ಡು, ಪತ್ರಿಕೆ, ಫೋನು ಒಂದೊಂದಾಗಿ ಬಂದು ಆ ಹೊರೆ ಇಳಿಸಿದವು. ಪತ್ರಿಕೆಯ ಬಗ್ಗೆ ಮಾತಾಡುವಾಗ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊರಿನ ಎಲ್ಲರ ಸಾವನ್ನೂ ಸಾರಿದ ಆ ಮನುಷ್ಯ ಸತ್ತಾಗ ಎಷ್ಟು ಊರಿಗೆ ಸುದ್ದಿ ಹೋಗಿರಬಹುದು?

ಇನ್ನು ಉಳಿಸುವ ಕೆಲಸ. ಕಾಳಗದಲ್ಲಿ ಸತ್ತವನಿಗೆ ವೀರಗಲ್ಲು, ಗಂಡನ ಚಿತೆ ಏರಿದವಳಿಗೆ ಮಾಸ್ತಿಗಲ್ಲು, ಸಲ್ಲೇಖನ ಮಾಡಿದ, ಅಂದರೆ ಅನ್ನನೀರು ಬಿಡುವ ವ್ರತ ಹಿಡಿದು ಸತ್ತ ಜೈನರಿಗೆ ನಿಸಿಧಿ ಕಲ್ಲು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ತುಂಬ ಇಂಥ ಬರಹಗಳಿವೆ. ಅವುಗಳಲ್ಲಿ ಒಂದು ನಂದಿಸೇನ ಎಂಬ ಮುನಿಯದು. ಚೆಲುವು, ಸಿರಿ, ಅಧಿಕಾರ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ತೋರಿ ಕರಗುತ್ತವೆ ಎಂದು ಅದು ಶುರುವಾಗುತ್ತದೆ. ಕನ್ನಡದಲ್ಲಿ ಇಷ್ಟು ಚೆಂದದ ನಿಧನ ವಾರ್ತೆ ಆಮೇಲೆ ಬಂದಿಲ್ಲ ಅಂತ ನನ್ನ ಅಭಿಪ್ರಾಯ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಂತೂ ನಾಯಿಗೆ ಬರೆದದ್ದು. ಗಂಗರ ರಾಜ ಬೂತುಗ ತನ್ನ ಸೇವಕ ಮಣಲೆರನಿಗೆ ಕೊಟ್ಟ ‘ಕಾಳಿ’ ಎಂಬ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಸುಮಾರು 950ರಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಜಮೀನನ್ನೂ ಬಿಟ್ಟರು. ನಾಯಿಗೆ ಸಿಕ್ಕ ಗೌರವ ಆ ಕಾಲದ ರೈತನಿಗೆ ಸಿಕ್ಕಿರಲಾರದು.

ರೈತನ ಹೆಸರನ್ನು ಉಳಿಸಿದವರು ಹೆಳವರು. ಎತ್ತಿನ ಮೇಲೆ ಕೂತು ಊರೂರು ಸುತ್ತಿ, ಒಂದೊಂದು ಮನೆತನದ ವಂಶಾವಳಿ ಹೇಳುತ್ತಿದ್ದರು. ನಿಮ್ಮ ಮುತ್ತಜ್ಜನ ಅಪ್ಪ ಯಾರು, ಎಲ್ಲಿಂದ ಬಂದ, ಎಷ್ಟು ಮಕ್ಕಳು, ಎಲ್ಲ ಅವರ ಬಾಯಲ್ಲಿ ಮತ್ತು ಹೊತ್ತಗೆಯಲ್ಲಿ. ಬಂದಾಗೆಲ್ಲ ಹೊಸದಾಗಿ ಹುಟ್ಟಿದವರನ್ನೂ ಸತ್ತವರನ್ನೂ ಸೇರಿಸಿಕೊಂಡು, ಕಾಳು ಪಡೆದು ಹೋಗುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಈಗಲೂ ಕೆಲವರು ಬರುತ್ತಾರೆ. ಆದರೆ ಅಳಿಯನ ಊರಿಗೆ ಇವತ್ತೇ ಸುದ್ದಿ ಮುಟ್ಟಿಸಬೇಕು ಅಂದರೆ ಹೆಳವರಿಂದ ಆಗುತ್ತಿರಲಿಲ್ಲ. ತಮಟೆಯವನು ಮುಟ್ಟಿಸುತ್ತಿದ್ದ, ಉಳಿಸುತ್ತಿರಲಿಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾಯಿತು ಅನ್ನುವುದು ನನಗೆ ಇಷ್ಟದ ವಿವರ. ಬೇಗೂರಿನ ಕಲ್ಲಿನಿಂದ ಹೊರಟರೂ ಸಾವಿರ ವರ್ಷ ತುಂಬುತ್ತಾ ಬಂದಾಗ ಮತ್ತೆ ಕಲ್ಲಿಗೇ ಬಂದ ಹಾಗಾಯಿತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಪತ್ರಿಕೆ ಬಂತು ಅಂದ ಮಾತ್ರಕ್ಕೆ ಊರವರ ಸಾವು ಅದರಲ್ಲಿ ಬರಲಿಲ್ಲ. ಆ ಕಾಲದ ಇಂಗ್ಲಿಷ್ ಪತ್ರಿಕೆಗಳಲ್ಲಿ ಜನನ, ವಿವಾಹ, ಮರಣ ಎಂಬ ಕಾಲಂ ಇರುತ್ತಿತ್ತು. ಅದು ಸಾಹೇಬರ ಸಂಸಾರಕ್ಕೆ. ಕನ್ನಡ ಪತ್ರಿಕೆಗಳಲ್ಲಿ ರಾಜರು, ದಿವಾನರು, ವಿದ್ವಾಂಸರು, ಆಮೇಲೆ ಸ್ವಾತಂತ್ರ್ಯ ಹೋರಾಟಗಾರರು ತೀರಿಕೊಂಡರೆ ಸುದ್ದಿ. ಇದಕ್ಕೆ ಬರೀ ಮೇಲರಿಮೆ ಕಾರಣವಲ್ಲ, ದೂರದ ಲೆಕ್ಕವೂ ಇದೆ. ಶಿರಾದ ಹತ್ತಿರದ ಹಳ್ಳಿಯ ಅಜ್ಜಿಯೊಬ್ಬರು ತೀರಿಕೊಂಡರೆ ಆ ಸುದ್ದಿ ಬೇಕಾಗಿರುವುದು ಯಾರಿಗೆ? ಹೆಣ್ಣು ಕೊಟ್ಟು ತರುವಷ್ಟು ದೂರದಲ್ಲಿ ಇರುವವರಿಗೆ. ಅದರಾಚೆ ಅದಕ್ಕೆ ಬೆಲೆ ಇಲ್ಲ. ಇಡೀ ರಾಜ್ಯಕ್ಕೆ ಒಂದೇ ಪುಟ ಅಚ್ಚು ಹಾಕುವ ಪತ್ರಿಕೆಗೆ ಆ ಅಜ್ಜಿ ಹೊರೆ. ಒಂದು ಜಿಲ್ಲೆಗಷ್ಟೇ ಹೋಗುವ ಪತ್ರಿಕೆಗೆ ಅವಳೇ ಆಸ್ತಿ. ಏಕೆಂದರೆ ಅದರ ವ್ಯಾನು ಬೆಳಗಿನ ಜಾವ ಸುತ್ತುವ ದಾರಿಯೂ ನೆಂಟಸ್ತನದ ದಾರಿಯೂ ಬಹುಪಾಲು ಒಂದೇ.

ಹಾಗಾಗಿ ಸಾಮಾನ್ಯರ ನಿಧನ ವಾರ್ತೆ ಬೆಳೆದದ್ದು ಜಿಲ್ಲಾ ಪತ್ರಿಕೆಗಳ ಜೊತೆ. ಮಡಿಕೇರಿಯಲ್ಲಿ ‘ಶಕ್ತಿ’ 1957ರಲ್ಲಿ ಶುರುವಾಯಿತು. ಮಣಿಪಾಲದಿಂದ ‘ಉದಯವಾಣಿ’ ಬಂದದ್ದು 1970ರಲ್ಲಿ. ರಾಜಶೇಖರ ಕೋಟಿ 1972ರಲ್ಲಿ ಧಾರವಾಡದಲ್ಲಿ ಆರಂಭಿಸಿದ ‘ಆಂದೋಲನ’ ಆಮೇಲೆ ಮೈಸೂರಿನ ಮನೆಮಾತಾಯಿತು. ಅದೇ ಮೈಸೂರಿನಲ್ಲಿ 1978ರಲ್ಲಿ ‘ಮೈಸೂರು ಮಿತ್ರ’, ಜೊತೆಗೆ ಇಂಗ್ಲಿಷಿನ ಸಂಜೆ ಪತ್ರಿಕೆ ‘ಸ್ಟಾರ್ ಆಫ್ ಮೈಸೂರ್’. ದಾವಣಗೆರೆಗೆ ‘ಜನತಾವಾಣಿ’. 1999ರಲ್ಲಿ ‘ವಿಜಯ ಕರ್ನಾಟಕ’ ಹಲವು ಊರುಗಳಿಂದ ಆವೃತ್ತಿ ತಂದ ಮೇಲೆ ರಾಜ್ಯ ಮಟ್ಟದ ಪತ್ರಿಕೆಗಳಲ್ಲೂ ಜಿಲ್ಲಾ ಪುಟಗಳ ಭರಾಟೆ ಶುರುವಾಯಿತು. ನಿಧನ ವಾರ್ತೆ ಆ ಪುಟಗಳಲ್ಲೂ ಜಾಗ ಹಿಡಿಯಿತು.

ಫೋಟೊ ಬಂದ ಕಥೆ ಯಂತ್ರದ್ದು. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಫೋಟೊ ಹಾಕಬೇಕಾದರೆ ಲೋಹದ ಬ್ಲಾಕ್ ಮಾಡಿಸಬೇಕಿತ್ತು. ಅದಕ್ಕೆ ದುಡ್ಡು, ಸಮಯ ಎರಡೂ ಬೇಕು. ಸಣ್ಣ ಊರಲ್ಲಿ ಬ್ಲಾಕ್ ಮಾಡುವವರೂ ಇರುತ್ತಿರಲಿಲ್ಲ. ರಾಜಕಾರಣಿಗಳ, ಸಿನಿಮಾದವರ ಬ್ಲಾಕ್ ಆಫೀಸಿನಲ್ಲಿ ಮೊದಲೇ ಇರುತ್ತಿತ್ತು, ಮತ್ತೆ ಮತ್ತೆ ಅದನ್ನೇ ಬಳಸುತ್ತಿದ್ದರು. ಉಳಿದವರದ್ದು ಬರೀ ಅಕ್ಷರ. ಆಫ್‌ಸೆಟ್ ಬಂದ ಮೇಲೆ ಯಾರ ಮುಖವಾದರೂ ಸುಲಭವಾಗಿ ಅಚ್ಚಾಗತೊಡಗಿತು. ಆಗ ಇನ್ನೊಂದು ತೊಂದರೆ ಕಾಣಿಸಿತು. ಎಷ್ಟೋ ಹಿರಿಯರಿಗೆ ಒಂಟಿ ಫೋಟೊನೇ ಇರಲಿಲ್ಲ. ಮೊಮ್ಮಗನ ಮದುವೆಯ ಗುಂಪು ಫೋಟೊದಿಂದ ತಲೆಯನ್ನಷ್ಟೇ ಕತ್ತರಿಸಿ ತರುತ್ತಿದ್ದರು. ಹಾಗಾಗಿ ನಿಧನ ವಾರ್ತೆಯ ಅಜ್ಜಿಯರ ಮುಡಿಯಲ್ಲಿ ಎಷ್ಟೋ ಸಲ ಮದುವೆಮನೆಯ ಮಲ್ಲಿಗೆ ಇರುತ್ತದೆ, ಪಕ್ಕದಲ್ಲಿ ಇನ್ಯಾರದೋ ಅರ್ಧ ಭುಜ.

ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ನಿಧನ ವಾರ್ತೆ ಸುದ್ದಿ, ಅದಕ್ಕೆ ದುಡ್ಡಿಲ್ಲ. ಚೌಕಟ್ಟು ಹಾಕಿದ ‘ಭಾವಪೂರ್ಣ ಶ್ರದ್ಧಾಂಜಲಿ’ ಜಾಹೀರಾತು, ಅಳತೆಗೆ ತಕ್ಕ ದರ. ಪ್ರಸಿದ್ಧರ ಬದುಕಿನ ಬಗ್ಗೆ ಬರುವ ‘ನುಡಿನಮನ’ ಮೂರನೆಯ ಜಾತಿ. ಕೆಲವು ಪ್ರಸಿದ್ಧರದ್ದನ್ನು ಅವರು ಬದುಕಿರುವಾಗಲೇ ಬರೆದು ಇಟ್ಟಿರುತ್ತಾರೆ. ಸಣ್ಣ ಪತ್ರಿಕೆಗೆ ಮೊದಲನೆಯದು ಓದುಗರನ್ನು ತರುತ್ತದೆ, ಎರಡನೆಯದು ದುಡ್ಡು ತರುತ್ತದೆ. ವರ್ಷ ವರ್ಷ ಬರುವ ಪುಣ್ಯತಿಥಿ ಜಾಹೀರಾತು ಸಣ್ಣ ಪತ್ರಿಕೆಯವರ ನಂಬಿಕಸ್ಥ ಗಿರಾಕಿ. ಮಲಯಾಳಂ ಪತ್ರಿಕೆಗಳಲ್ಲಿ ‘ಚರಮಂ’ ಎಂದು ಇದಕ್ಕೇ ಇಡೀ ಪುಟ ಇರುತ್ತದೆ. ಕಾಸರಗೋಡಿನ ಕನ್ನಡಿಗರನ್ನು ಕೇಳಿ, ಎರಡೂ ಭಾಷೆಯ ಪತ್ರಿಕೆ ತರಿಸುವ ಮನೆಗಳಲ್ಲಿ ಮೊದಲು ಬಿಚ್ಚುವ ಪುಟ ಅದು.

ಶ್ರದ್ಧಾಂಜಲಿ ಜಾಹೀರಾತಿನ ವಿಷಯ ಬಂದಾಗ ಒಂದು ಹಳೆಯ ಕೀಟಲೆ ನೆನಪಾಗುತ್ತದೆ. 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂದು ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಆಗ ಬೊಂಬಾಯಿಯ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಒಂದು ಸಣ್ಣ ಮರಣದ ಜಾಹೀರಾತು ಬಂತು. ಸತ್ತವರ ಹೆಸರು ಓಕ್ರಸಿ, ಡಿ.ಇ.ಎಂ. ಕೂಡಿಸಿ ಓದಿದರೆ ಡೆಮಾಕ್ರಸಿ. ಹೆಂಡತಿ ಟಿ. ರೂತ್, ಅಂದರೆ ಸತ್ಯ. ಮಗ ಎಲ್.ಐ. ಬರ್ಟಿ, ಅಂದರೆ ಸ್ವಾತಂತ್ರ್ಯ. ಸೆನ್ಸಾರಿನವರು ಮರಣದ ಕಾಲಂ ಓದುವುದಿಲ್ಲ ಅನ್ನುವುದು ಆ ಕಿಲಾಡಿಗೆ ಗೊತ್ತಿತ್ತು.

ನಾಲ್ಕು ಸಾಲಿನ ವ್ಯಾಕರಣಕ್ಕೆ ಬರೋಣ. ಹೆಸರು, ವಯಸ್ಸು, ಊರು, ವೃತ್ತಿ, ಯಾವಾಗ ತೀರಿಕೊಂಡರು, ಯಾರಿದ್ದಾರೆ, ಅಂತ್ಯಕ್ರಿಯೆ ಎಲ್ಲಿ. ‘ಅವರಿಗೆ ಪತ್ನಿ, ಇಬ್ಬರು ಪುತ್ರರು ಇದ್ದಾರೆ’ ಅನ್ನುವ ವಾಕ್ಯ ಗಮನಿಸಿ. ಸತ್ತವರ ಪತ್ನಿ ವಿಧವೆ ಅಂತ ಕನ್ನಡ ಅಲ್ಲಿ ಹೇಳುವುದಿಲ್ಲ. ಅವರಿಗೆ ಪತ್ನಿ ಇದ್ದಾರೆ ಎಂದೇ ಹೇಳುತ್ತದೆ. ಕಾರಣದ ಜಾಗದಲ್ಲಿ ಮೈಸೂರು ಕಡೆ ‘ವಯೋಸಹಜ ಕಾಯಿಲೆ’, ಕರಾವಳಿಯಲ್ಲಿ ‘ಅಲ್ಪಕಾಲದ ಅಸೌಖ್ಯ’. ಮನೆಯವರು ಹೇಳಲು ಇಷ್ಟಪಡದ ಎಷ್ಟೋ ಸಂಗತಿ ಈ ಎರಡು ಮಾತಿನ ಹಿಂದೆ ಅಡಗುತ್ತವೆ. ನಾವೂ ಕೆದಕುತ್ತಿರಲಿಲ್ಲ.

ಕ್ರಿಯಾಪದದಲ್ಲೇ ಸಮುದಾಯ ಗೊತ್ತಾಗುತ್ತದೆ. ಲಿಂಗಾಯತರು ಲಿಂಗೈಕ್ಯರಾಗುತ್ತಾರೆ, ಕ್ರೈಸ್ತರು ಪ್ರಭುವಿನಲ್ಲಿ ನಿದ್ರಿಸುತ್ತಾರೆ, ಜೈನ ಮುನಿಗಳದ್ದು ಸಮಾಧಿ ಮರಣ. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ‘ಶಿವೈಕ್ಯ’ ಎಂದು ಬರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಪೇಜಾವರ ಶ್ರೀಗಳು ಹೋದಾಗ ‘ಕೃಷ್ಣೈಕ್ಯ’ ಎಂದರು. ಕಾರ್ಯದ ಹೆಸರೂ ಹಾಗೆಯೇ: ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಉತ್ತರಕ್ರಿಯೆ, ತುಳುವರ ಬೊಜ್ಜ, ಹಳೇ ಮೈಸೂರಿನ ಹಾಲುತುಪ್ಪ. ಇದರಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಿದರೆ ಬೆಳಿಗ್ಗೆ ಫೋನು ಖಂಡಿತ. ಅದಕ್ಕೇ ಡೆಸ್ಕಿನವರು ‘ನಿಧನರಾದರು’ ಅನ್ನುವ ಸಪ್ಪೆ ಮಾತನ್ನೇ ನೆಚ್ಚಿಕೊಳ್ಳುತ್ತಾರೆ.

ಒಂದು ಪ್ರಶ್ನೆ ಯಾರಾದರೂ ಕೇಳಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮಣ್ಣು ಮಾಡುತ್ತಾರೆ. ಸಂಜೆ ಸತ್ತರೆ ಸುದ್ದಿ ಬರುವುದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಅಲ್ವಾ? ನಿಜ, ಎಷ್ಟೋ ಸಲ ಮುಗಿದೇ ಇರುತ್ತದೆ. ಆದರೆ ನಮ್ಮಲ್ಲಿ ಸಾವು ಒಂದು ದಿನದ ಕಾರ್ಯವಲ್ಲ. ಸೂತಕ ಯಾರಿಗೆ ತಾಗುತ್ತದೆ, ಮೂರನೇ ದಿನ, ಹನ್ನೊಂದನೇ ದಿನ ಯಾರು ಹೋಗಬೇಕು, ಒಪ್ಪಿಕೊಂಡ ಮದುವೆ ಮುಂದಕ್ಕೆ ಹಾಕಬೇಕಾ, ಇದಕ್ಕೆಲ್ಲ ಸುದ್ದಿ ಬೇಕು. ಸಾಲ ಕೊಟ್ಟವರಿಗೂ ಬೇಕು, ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಯಾರ ಹೆಸರು ಬರುವುದಿಲ್ಲ ಅನ್ನುವುದೂ ಈ ಚರಿತ್ರೆಯ ಭಾಗ. ನಾನು ಬರೆಯುತ್ತಿದ್ದ ಕಾಲದಲ್ಲಿ ಗಂಡಸರಿಗೆ ‘ಪ್ರಗತಿಪರ ಕೃಷಿಕ’, ‘ಕೊಡುಗೈ ದಾನಿ’, ‘ನಿವೃತ್ತ ಮುಖ್ಯೋಪಾಧ್ಯಾಯ’. ಹೆಂಗಸರಿಗೆ ‘ದಿವಂಗತ ಇಂಥವರ ಪತ್ನಿ’. ಜೀವನವಿಡೀ ಗದ್ದೆಯಲ್ಲಿ ನಾಟಿ ಮಾಡಿದವರೂ ‘ಗೃಹಿಣಿ’. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರ ಡಿಸೆಂಬರ್ 25ರಂದು ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ ದೊಡ್ಡದಾಗಿ ಬರೆದವು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. ಪದ್ಮಶ್ರೀ ಬರದ ಸೂಲಗಿತ್ತಿಯರು ಪ್ರತಿ ಹೋಬಳಿಯಲ್ಲೂ ಇದ್ದರು. ಅವರಿಗೆ ಸಿಕ್ಕಿದ್ದು ನಾಲ್ಕು ಸಾಲು, ಅದೂ ಪುಣ್ಯವಿದ್ದರೆ. ನಮ್ಮದಷ್ಟೇ ಅಲ್ಲ ಈ ರೋಗ. ‘ನ್ಯೂಯಾರ್ಕ್ ಟೈಮ್ಸ್’ 1851ರಿಂದ ತಾನು ಬರೆದದ್ದು ಹೆಚ್ಚಾಗಿ ಬಿಳಿಯ ಗಂಡಸರ ಬಗ್ಗೆ ಎಂದು ಒಪ್ಪಿಕೊಂಡು, 2018ರ ಮಹಿಳಾ ದಿನದಂದು ಬಿಟ್ಟುಹೋದವರ ನಿಧನ ಬರಹಗಳನ್ನು ಶುರುಮಾಡಿತು. ಮೊದಲ ಕಂತಿನಲ್ಲೇ ನಟಿ ಮಧುಬಾಲಾ ಇದ್ದರು. ಅವರು ತೀರಿಕೊಂಡದ್ದು 1969ರಲ್ಲಿ!

ಇಂಥ ಸಣ್ಣ ವಾರ್ತೆಗಳು ಒಟ್ಟಾದರೆ ಎಂಥ ಸಾಕ್ಷಿಯಾಗುತ್ತವೆ ಅನ್ನುವುದನ್ನು ಕೊರೊನಾ ತೋರಿಸಿತು. ಇಟಲಿಯ ಬೆರ್ಗಾಮೊ ಊರಿನ ‘ಲೆಕೊ ದಿ ಬೆರ್ಗಾಮೊ’ ಪತ್ರಿಕೆಯಲ್ಲಿ ಮರಣದ ಪುಟಗಳು ಮಾಮೂಲಾಗಿ ಎರಡೋ ಮೂರೋ ಇರುತ್ತಿದ್ದವು. 2020ರ ಮಾರ್ಚ್ 13ರಂದು ಹತ್ತು ಪುಟ ಬಂತು. 2021ರ ಎರಡನೇ ಅಲೆಯಲ್ಲಿ ಗುಜರಾತಿ ಪತ್ರಿಕೆಗಳಲ್ಲೂ ಹೀಗೇ ಆಯಿತು. ಸರ್ಕಾರದ ಲೆಕ್ಕಕ್ಕೂ ಪತ್ರಿಕೆಯ ಪುಟಕ್ಕೂ ತಾಳೆಯಾಗುತ್ತಿಲ್ಲ ಅಂತ ಜನ ಕೇಳತೊಡಗಿದ್ದು ಅದನ್ನು ನೋಡಿಯೇ.

ಈಗ ಮುಟ್ಟಿಸುವ ಕೆಲಸ ಪತ್ರಿಕೆಯ ಕೈಯಿಂದ ಜಾರಿದೆ. ಮೊದಲು ಕಿತ್ತುಕೊಂಡದ್ದು ದೂರ. ಮುಂಬೈಗೆ, ಕೊಲ್ಲಿ ದೇಶಗಳಿಗೆ ಹೋದ ಕರಾವಳಿಯವರಿಗೆ ಊರಿನ ಪತ್ರಿಕೆ ಹೊತ್ತಿಗೆ ಸಿಗುತ್ತಿರಲಿಲ್ಲ. ಮಂಗಳೂರಿನ ‘ದಾಯ್ಜಿವರ್ಲ್ಡ್’ನಂಥ ಜಾಲತಾಣಗಳು ಮರಣದ ಸುದ್ದಿಗೇ ಒಂದು ವಿಭಾಗ ಇಟ್ಟಾಗ ದುಬೈಯಲ್ಲೂ ಕುವೈತಿನಲ್ಲೂ ಅದನ್ನು ದಿನಾ ನೋಡುವುದು ಅಭ್ಯಾಸವಾಯಿತು. ಆಮೇಲೆ ವಾಟ್ಸಾಪ್. ಉಸಿರು ನಿಂತ ಅರ್ಧ ಗಂಟೆಯಲ್ಲಿ ಫೋಟೊ, ದೀಪದ ಚಿತ್ರ, ಕೆಳಗೆ ಮುನ್ನೂರು ‘ಓಂ ಶಾಂತಿ’. ಪೇಟೆಯ ಸರ್ಕಲ್ಲಿನಲ್ಲಿ ಫ್ಲೆಕ್ಸ್. ಮುಟ್ಟಿಸುವುದರಲ್ಲಿ ಪತ್ರಿಕೆ ಇವಕ್ಕೆ ಸಾಟಿಯಲ್ಲ, ಒಪ್ಪಬೇಕು.

ಉಳಿಸುವ ಕೆಲಸವನ್ನು ಮಾತ್ರ ಯಾರೂ ವಹಿಸಿಕೊಂಡಿಲ್ಲ. ಫೋನು ಬದಲಾದರೆ ಆ ಮೆಸೇಜು ಹೋಯಿತು. 1969ರ ಕಾಯ್ದೆಯಂತೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕು, ಆ ದಾಖಲೆ ಉಳಿಯುತ್ತದೆ. ಆದರೆ ಸತ್ತವರು ಯಕ್ಷಗಾನದಲ್ಲಿ ಬಣ್ಣದ ವೇಷ ಹಾಕುತ್ತಿದ್ದರು, ಊರಿಗೆ ಮೊದಲ ರೇಡಿಯೊ ತಂದರು ಅಂತ ಅದರಲ್ಲಿ ಕಾಲಂ ಇಲ್ಲ. ಪತ್ರಿಕೆಗಳ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನಿತರ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಕಳಿಸಬೇಕೆಂದು 1954ರ ಕಾಯ್ದೆಗೆ 1956ರಲ್ಲೇ ತಿದ್ದುಪಡಿಯಾಗಿದೆ. ನಾನಿದ್ದ ಆಫೀಸಿನಲ್ಲಿ ಹಳೆಯ ಸಂಚಿಕೆ ಬೈಂಡ್ ಮಾಡಿ ಮೆಟ್ಟಿಲ ಕೆಳಗೆ ಇಡುತ್ತಿದ್ದರು. ಒಂದು ಮಳೆಗಾಲದಲ್ಲಿ ಮೂರು ವರ್ಷದ ಫೈಲು ಗೆದ್ದಲಿಗೆ ಹೋಯಿತು. ಉಳಿದದ್ದನ್ನು ಕಟ್ಟಡ ಬದಲಿಸುವಾಗ ರದ್ದಿಗೆ ಹಾಕಿದರು. ಪತ್ರಿಕೆಗಳೇ ಸಾಯುತ್ತವೆ. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದಲೇ ಷೇರು ಕೂಡಿಸಿ ಮಂಗಳೂರಿನಲ್ಲಿ ಕಟ್ಟಿದ ‘ಮುಂಗಾರು’ ಇವತ್ತಿಲ್ಲ. ಅದಕ್ಕೂ ಮೊದಲು ಅಲ್ಲಿ ಮನೆಮಾತಾಗಿದ್ದ ‘ನವಭಾರತ’ವೂ ಇಲ್ಲ.

ಹಳೆಯ ನಿಧನ ವಾರ್ತೆ ಹುಡುಕಿಕೊಡಿ ಅಂತ ಈಗಲೂ ನನಗೆ ಯಾರಾದರೂ ಫೋನು ಮಾಡುತ್ತಾರೆ. ನಾನು ಮೊದಲು ಕೇಳುವುದು ಮರಣ ಪ್ರಮಾಣಪತ್ರದ ದಿನಾಂಕ. ಅದರ ಮರುದಿನದಿಂದ ಒಂದು ವಾರದ ಸಂಚಿಕೆ ನೋಡಬೇಕು, ಸಿಗದಿದ್ದರೆ ಹನ್ನೊಂದನೇ ದಿನದ ಆಸುಪಾಸು, ಆಮೇಲೆ ಒಂದು ವರ್ಷಕ್ಕೆ ಬರುವ ಪುಣ್ಯತಿಥಿ ಜಾಹೀರಾತು. ಪತ್ರಿಕೆಯ ಆಫೀಸಿನಲ್ಲಿ ಇಲ್ಲದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಬೇಕು. ಎಷ್ಟೋ ಸಲ ಸಿಗುವುದು ಅದೇ ಊರಿನ ಇನ್ನೊಂದು ಮನೆಯಲ್ಲಿ, ದೇವರ ಫೋಟೊ ಹಿಂದೆ ಸಿಕ್ಕಿಸಿಟ್ಟ ಕಟಿಂಗ್ ಆಗಿ. ಬಹುಪಾಲು ಕಟಿಂಗ್‌ಗಳಲ್ಲಿ ಸತ್ತವರ ಹೆಸರಿರುತ್ತದೆ, ‘ಭಾನುವಾರ ನಿಧನರಾದರು’ ಎಂದೂ ಇರುತ್ತದೆ. ಯಾವ ವರ್ಷದ ಭಾನುವಾರ ಅನ್ನುವುದು ಇರುವುದಿಲ್ಲ. ದಿನಾಂಕ ಪುಟದ ತುದಿಯಲ್ಲಿರುತ್ತದೆ, ಕತ್ತರಿಸುವಾಗ ಅದು ಹೋಗಿರುತ್ತದೆ. ನಿಮ್ಮ ಮನೆಯಲ್ಲಿ ಅಂಥ ಚೀಟಿ ಇದ್ದರೆ, ನೆನಪಿರುವವರು ಇರುವಾಗಲೇ ಕೇಳಿ, ಹಿಂದುಗಡೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆದಿಡಿ.